ಕಾಯಾ ಟೋಸ್ಟೋ, ಫೋ ನೂಡಲ್ಸೋ: ನಾಲ್ಕು ಶನಿವಾರದ ತಿಂಡಿ

ತಟ್ಟೆ ಇಡ್ಲಿ ಬೇಕೆಂದರೆ ತುಮಕೂರಿನ ನನಗೆ ಕ್ಯಾತ್ಸಂದ್ರ ಪಕ್ಕದಲ್ಲೇ ಇದೆ. ಹಾಗಾಗಿ ಕೆಲಸದ ಮೇಲೆ ಬೆಂಗಳೂರಿಗೆ ಹೋದ ನಾಲ್ಕು ಶನಿವಾರ ಬೇರೆ ದೇಶದ ತಿಂಡಿಯನ್ನೇ ತಿಂದು ನೋಡಿದೆ. ಮೊಟ್ಟೆ ತಿನ್ನುತ್ತೇನೆ, ಮೀನು-ಮಾಂಸ ಮುಟ್ಟುವುದಿಲ್ಲ. ಎಲ್ಲದರಲ್ಲೂ ನನಗೆ ಹಿಡಿಸಿದ್ದು ಸಿಂಗಾಪುರ, ಮಲೇಷ್ಯಾ ಕಡೆಯ ಕಾಯಾ ಟೋಸ್ಟ್.

ಹೆಸರು ಕೇಳಿ ನಮ್ಮ ಕಾಯಿಯೇ ಇರಬೇಕು ಅಂದುಕೊಂಡಿದ್ದೆ. ಮಲಯ್ ಭಾಷೆಯಲ್ಲಿ ಕಾಯಾ ಎಂದರೆ ಶ್ರೀಮಂತ ಎಂದಂತೆ. ಆದರೆ ಒಳಗಿರುವುದು ನಿಜಕ್ಕೂ ಕಾಯಿಹಾಲೇ. ಅದಕ್ಕೆ ಮೊಟ್ಟೆ, ಸಕ್ಕರೆ, ನಮ್ಮ ಕೇದಗೆಯ ಜಾತಿಗೇ ಸೇರಿದ ಪಾಂಡನ್ ಎಲೆ ಹಾಕಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾರೆ. ಗರಿಗರಿ ಬ್ರೆಡ್ಡಿನ ನಡುವೆ ಇದನ್ನು ಸವರಿ, ಮೇಲೊಂದು ತುಂಡು ತಣ್ಣನೆಯ ಬೆಣ್ಣೆ ಇಡುತ್ತಾರೆ. ಜೊತೆಗೆ ಅರೆಬೆಂದ ಮೊಟ್ಟೆ, ಸೋಯಾ ಸಾಸ್, ಬಿಳಿ ಮೆಣಸಿನ ಪುಡಿ. ತೆಂಗಿನ ಸೀಮೆಯವನಾದ ನನಗೆ ಕಾಯಿಹಾಲು ಹಳಸಲಾಗಿದ್ದರೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಎರಡು ಸಲ ತಿಂದೆ, ಎರಡು ಸಲವೂ ತಾಜಾ ಇತ್ತು. ಬಟ್ಟೆಯಲ್ಲಿ ಸೋಸಿ, ಕಂಡೆನ್ಸ್ಡ್ ಮಿಲ್ಕ್ ಬೆರೆಸಿದ ಅಲ್ಲಿನ ಕಾಫಿ, ಅಂದರೆ 'ಕೋಪಿ', ನಮ್ಮ ಫಿಲ್ಟರ್ ಕಾಫಿಗಿಂತ ಸಿಹಿ. ನನಗೆ ಹಾಲಿಲ್ಲದ ಕೋಪಿ-ಓ ಹೆಚ್ಚು ಒಗ್ಗಿತು.

ಇನ್ನು ಫೋ. ವಿಯೆಟ್ನಾಮಿನವರು ಬೆಳಗ್ಗೆಯೇ ಕುಡಿಯುವ ಅಕ್ಕಿ ನೂಡಲ್ಸಿನ ಸಾರು ಇದು. ಚಕ್ರಮೊಗ್ಗು, ಚಕ್ಕೆ, ಸುಟ್ಟ ಶುಂಠಿಯ ಘಮ ಮೇಜಿಗೆ ಬರುವ ಮೊದಲೇ ಮೂಗಿಗೆ ತಾಗುತ್ತದೆ. ಮೆನುವಿನಲ್ಲಿ 'ವೆಜ್ ಫೋ' ಎಂದಿತ್ತು. ಮೇಲೆ ತೋಫು, ಅಣಬೆ, ಸೊಪ್ಪು ಎಲ್ಲ ಸರಿಯಾಗಿಯೇ ಇತ್ತು. ಅರ್ಧ ಬಟ್ಟಲು ಮುಗಿಸಿದ ಮೇಲೆ ನಾಲಿಗೆಗೆ ಏನೋ ಅನುಮಾನ. ಹುಡುಗನನ್ನು ಕರೆದು, 'ಸಾರಿಗೆ ಏನು ಹಾಕಿದೀರಪ್ಪ?' ಅಂದೆ. ಅವನು ಒಳಗೆ ಹೋಗಿ ಕೇಳಿಕೊಂಡು ಬಂದು, 'ಮಾಂಸ ಇಲ್ಲ ಸಾರ್, ಫಿಶ್ ಸಾಸ್ ಮಾತ್ರ' ಅಂದ.

ಫಿಶ್ ಸಾಸ್ ಎಂದರೆ ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ಇಳಿಸಿದ ರಸ. ಅದನ್ನು ಹಾಕಿ ವೆಜ್ ಎಂದು ಬರೆಯುವುದು ತಪ್ಪು. ದುಡ್ಡು ವಾಪಸ್ ಕೊಟ್ಟರು ನಿಜ, ಆದರೆ ಆ ದಿನವಿಡೀ ಮನಸ್ಸಿಗೆ ಕಸಿವಿಸಿ ಹೋಗಲಿಲ್ಲ. ವಿಯೆಟ್ನಾಮಿನಲ್ಲೇ ಬೌದ್ಧರು ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಸಸ್ಯಾಹಾರ ಮಾಡುತ್ತಾರೆ. ಅದಕ್ಕೆ 'ಚಾಯ್' ಎಂಬ ಪದವೇ ಇದೆ. ಹಾಗಾಗಿ ಮೀನಿಲ್ಲದ ಫೋ ಮಾಡಲು ಬರುವುದಿಲ್ಲ ಎನ್ನುವ ಹಾಗಿಲ್ಲ. ನೀವು ಹೋದರೆ 'ಫೋ ಚಾಯ್' ಎಂದೇ ಕೇಳಿ. ಸಾರು ಮೂಳೆಯದೋ ತರಕಾರಿಯದೋ, ಫಿಶ್ ಸಾಸ್ ಇದೆಯೋ ಎಂದು ಎರಡನ್ನೂ ಬೇರೆಬೇರೆಯಾಗಿ ವಿಚಾರಿಸಿ. ಚೀನೀ ಹೋಟೆಲಿನ ಸೊಪ್ಪಿನ ಪಲ್ಯಕ್ಕೂ ಆಯ್‌ಸ್ಟರ್ ಸಾಸ್, ಅಂದರೆ ಸಮುದ್ರದ ಚಿಪ್ಪುಜೀವಿಯಿಂದ ಮಾಡಿದ ಸಾಸ್, ಬೀಳುವುದುಂಟು.

ಟಿಬೆಟನ್ನರ ಟಿಂಗ್ಮೋ ಪದರಪದರವಾದ ಹಬೆಯ ಬನ್ನು. ಮೆತ್ತಗಿತ್ತು, ಖಾರದ ಸೆಪೆನ್ ಚಟ್ನಿಯೂ ಚೆನ್ನಾಗಿತ್ತು, ಆದರೆ ಮೈದಾ ನನಗೆ ಬೆಳಗ್ಗೆ ಭಾರ.

ಕಾಯಾ ಸೆಟ್ಟಿಗೆ ಕೊಟ್ಟಿದ್ದು 280 ರೂಪಾಯಿ, ಫೋಗೆ 450. ಟಿಂಗ್ಮೋ 120ಕ್ಕೇ ಮುಗಿಯಿತು. ಬರೀ ದುಡ್ಡು ನೋಡುವವರಿಗೆ ಅದೇ ಸರಿ. ನಾನು ಯಶವಂತಪುರದಲ್ಲಿ ರೈಲಿಳಿದು ಮೆಟ್ರೋ ಹಿಡಿಯುವಷ್ಟರಲ್ಲಿ ಒಂಬತ್ತು ಗಂಟೆ. ಆ ಹೊತ್ತಿಗೆ ಫೋ ಅಂಗಡಿಯ ಬಾಗಿಲು ತೆರೆದಿರುವುದಿಲ್ಲ, ಕಾಯಾ ಅಂಗಡಿ ತೆರೆದಿರುತ್ತದೆ. ಮುಂದಿನ ಸಲ ಮನೆಯವಳನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.