ಹಳೆಯ ಉದ್ದ ಬೋರ್ಡ್ ಇರಲಾ, ಹೊಸ ಗಿಡ್ಡದ್ದು ತರಲಾ?

ಸಾಗರದ ಹತ್ತಿರ, ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಹೊನ್ನೆಮರಡಿನಲ್ಲಿ ವಿಂಡ್‌ಸರ್ಫಿಂಗ್ (ಹಾಯಿ ಇರುವ ಬೋರ್ಡ್ ಮೇಲೆ ನಿಂತು ಗಾಳಿಯ ಬಲದಿಂದ ಸಾಗುವ ಆಟ) ಮಾಡುವವರು ಹಳೆಯ ಬೋರ್ಡ್ ಮಾರುವ ಮೊದಲು ಗಾಳಿ ನೋಡಬೇಕು. ಬೆಲೆ ಆಮೇಲೆ.

ಹಳೆಯದು ಅಂದರೆ ಮಿಸ್ಟ್ರಾಲ್ ಒನ್ ಡಿಸೈನ್ ಥರದ್ದು. 1996ರಿಂದ 2004ರವರೆಗೆ ಒಲಿಂಪಿಕ್ಸ್‌ನಲ್ಲಿ ಇದೇ ಇತ್ತು. ಉದ್ದ 372 ಸೆಂ.ಮೀ. ಸಾಗರದಿಂದ ಜೀಪಿನ ಮೇಲೆ ಕಟ್ಟಿ ತರುವುದು ತಲೆನೋವೇ, ಒಪ್ಪುತ್ತೇನೆ. ಆದರೆ ಗಾಳಿ ಕಡಿಮೆ ಇದ್ದರೂ ಸಲೀಸಾಗಿ ಜಾರುತ್ತದೆ. ನಡುವಿನ ಡ್ಯಾಗರ್‌ಬೋರ್ಡ್, ಅಂದರೆ ನೀರೊಳಗೆ ಇಳಿಯುವ ತೆಳು ಹಲಗೆ, ಇಳಿಸಿದರೆ ಎದುರುಗಾಳಿಯಲ್ಲೂ ಓರೆಯಾಗಿ ದಡಕ್ಕೆ ವಾಪಸ್ ಬರಬಹುದು. ಬೇಸಿಗೆಯಲ್ಲಿ ಲಿಂಗನಮಕ್ಕಿ ನೀರು ಇಳಿದಾಗ ಮುಳುಗಿದ ಮರಗಳ ಬೊಡ್ಡೆಗಳು ತಲೆ ಎತ್ತುತ್ತವೆ. ಆಗ ಡ್ಯಾಗರ್‌ಬೋರ್ಡನ್ನು ಕಾಲಲ್ಲೇ ಒಳಗೆ ಮಡಚಿಬಿಡಬಹುದು.

ಹೊಸ ಗಿಡ್ಡ, ಅಗಲ ಬೋರ್ಡ್ ಹಗುರ, ಸಾಗಿಸುವುದು ಸುಲಭ. ಗಾಳಿ 12 ನಾಟ್ (ಗಂಟೆಗೆ ಸುಮಾರು 22 ಕಿ.ಮೀ.) ದಾಟಿದರೆ ಅದರ ಮಜವೇ ಬೇರೆ. ಇಲ್ಲದಿದ್ದರೆ ಸುಮ್ನೆ ನಿಂತು ಗುಡ್ಡ ನೋಡಬೇಕು. ಫಾಯಿಲ್ ಬೋರ್ಡ್, ಅಂದರೆ ಅಡಿಯಲ್ಲಿ ಕಂಬಕ್ಕೆ ರೆಕ್ಕೆ ಜೋಡಿಸಿದ್ದು, ಕಡಿಮೆ ಗಾಳಿಗೂ ನೀರಿನಿಂದ ಮೇಲೇಳುತ್ತದೆ. ಆದರೆ ಅದರ ಕಂಬ ನೀರಿನಡಿ ಆಳಕ್ಕೆ ಇರುತ್ತದೆ. ಬೊಡ್ಡೆಗೆ ತಾಗಿದರೆ ಮುಗೀತು.

ಜಾಗ ಇಲ್ಲ ಅಂತ ಹಳೆಯ ಉದ್ದ ಬೋರ್ಡ್ ಮಾರಿದವರು ಆಮೇಲೆ ಅಂಥದ್ದನ್ನೇ ಹುಡುಕುತ್ತಾರೆ. ಸಿಗುವುದು ಕಷ್ಟ, ಅಲ್ವಾ? ಅಟ್ಟದಲ್ಲಿ ಹಿಡಿಸುವುದಾದರೆ ಇಟ್ಟುಕೊಳ್ಳಿ. ಬಿರುಕಿನಿಂದ ಒಳಗೆ ನೀರು ಸೇರಿ ಭಾರವಾಗಿದ್ದರೆ ಮಾತ್ರ ಕೊಟ್ಟುಬಿಡಿ.