ಸೊನ್ನೆ ನೋಡುವುದಕ್ಕೂ ಡಾಲರ್: ಆನ್ಸಿಬಲ್ ವರದಿಗಳನ್ನು ಮಾನಿಟರಿಂಗ್ ಸೇವೆಗೆ ಕಳುಹಿಸಿದ ಎರಡು ವರ್ಷ

ಸರ್ವರ್‌ಗಳ ಮೇಲೆ ಕಣ್ಣಿಡುವ ಈ ಮಾನಿಟರಿಂಗ್ ಸೇವೆಯನ್ನು ನಾವು ಕೊಂಡದ್ದು ಸಿಪಿಯು, ಮೆಮೊರಿ ಗ್ರಾಫ್‌ಗಳಿಗಾಗಿ. ಅವನ್ನು ಎಲ್ಲರೂ ಕೊಡುತ್ತಾರೆ, ಬರೆಯುವಂಥದ್ದೇನೂ ಇಲ್ಲ. ನನ್ನನ್ನು ಇಷ್ಟು ದಿನ ಹಿಡಿದಿಟ್ಟದ್ದು ಅವರ ಜಾಹೀರಾತಿನಲ್ಲಿ ಎಲ್ಲೂ ಕಾಣದ ಒಂದು ಸೌಲಭ್ಯ: ಅನೇಕ ಸರ್ವರ್‌ಗಳನ್ನು ಒಂದೇ ಕಡೆಯಿಂದ ಸಂರಚಿಸುವ ಆನ್ಸಿಬಲ್‌ಗೆ ಜೋಡಿಸುವ ಕಾಲ್‌ಬ್ಯಾಕ್ ಪ್ಲಗಿನ್, ಅಂದರೆ ಅದರ ಪ್ರತಿ ಓಟದ ವರದಿಯನ್ನು ಹೊರಗೆ ಕಳುಹಿಸುವ ಸಣ್ಣ ತುಣುಕು.

ಪ್ಲೇಬುಕ್ (ಆನ್ಸಿಬಲ್ ಮಾಡಬೇಕಾದ ಕೆಲಸಗಳ, ಅಂದರೆ ಟಾಸ್ಕ್‌ಗಳ, ಪಟ್ಟಿ) ಓಡಿ ಮುಗಿದಾಗ ಟರ್ಮಿನಲ್‌ನ ತುದಿಯಲ್ಲಿ ಪ್ರತಿ ಸರ್ವರಿಗೂ ಒಂದು ಸಾಲು ಬರುತ್ತದಲ್ಲ, ಓಕೆ ಇಷ್ಟು, ಚೇಂಜ್ಡ್ ಇಷ್ಟು, ಫೇಲ್ಡ್ ಇಷ್ಟು ಎಂದು? ಕಿಟಕಿ ಮುಚ್ಚಿದರೆ ಅದು ಹೋಯಿತು. ಪ್ಲಗಿನ್ ಆ ಅಂಕಿಗಳನ್ನು ಮೆಟ್ರಿಕ್‌ಗಳಾಗಿಯೂ (ಗ್ರಾಫ್ ಬಿಡಿಸಬಹುದಾದ ಅಳತೆಗಳು), ಓಟದ ಆರಂಭ, ಮುಕ್ತಾಯ, ಕೈಕೊಟ್ಟ ಟಾಸ್ಕ್‌ಗಳನ್ನು ಇವೆಂಟ್‌ಗಳಾಗಿಯೂ (ಸಮಯ ನಮೂದಿಸಿದ ಘಟನೆಗಳು) ಸೇವೆಗೆ ಕಳುಹಿಸುತ್ತದೆ. ಡೇಟಾಬೇಸ್ ನಿಧಾನವಾಗಿದೆ ಎಂದು ಯಾರಾದರೂ ದೂರಿದರೆ ಗ್ರಾಫ್ ಮೇಲೆ ಇವೆಂಟ್‌ಗಳನ್ನು ಹೊದಿಸಿ ನೋಡುತ್ತೇನೆ. ಏರಿಕೆಯ ಬುಡದಲ್ಲೇ ಇವೆಂಟ್‌ನ ಒಂದು ಲಂಬ ಗೆರೆ ನಿಂತಿದ್ದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ನನಗೆ ಅದಕ್ಕಿಂತ ಪ್ರಿಯವಾದದ್ದು ಬೆಳಗಿನ ಸೊನ್ನೆ. ರಾತ್ರಿ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಸಾಧನ) ಮೂಲಕ ಎಲ್ಲ ಪ್ಲೇಬುಕ್‌ಗಳೂ ಚೆಕ್ ಮೋಡ್‌ನಲ್ಲಿ ಓಡುತ್ತವೆ. ಆಗ ಆನ್ಸಿಬಲ್ ಏನನ್ನೂ ಬದಲಿಸದೆ, ಏನು ಬದಲಿಸಬೇಕಾಗುತ್ತಿತ್ತು ಎಂಬುದನ್ನಷ್ಟೇ ಹೇಳುತ್ತದೆ. ಬೆಳಿಗ್ಗೆ ಮೇಲ್ ತೆರೆಯುವ ಮೊದಲು ಚೇಂಜ್ಡ್ ಗ್ರಾಫ್ ನೋಡುತ್ತೇನೆ. ಸೊನ್ನೆ ಇದ್ದರೆ ಸರ್ವರ್‌ಗಳು ಗಿಟ್‌ನಲ್ಲಿ (ಪ್ಲೇಬುಕ್‌ಗಳ ಬದಲಾವಣೆಗಳ ದಾಖಲೆ ಇಡುವ ಸಾಧನ) ಬರೆದಂತೆಯೇ ಇವೆ. ಯಾವುದೋ ಒಂದರಲ್ಲಿ 1 ಕಂಡರೆ ಅಲ್ಲಿ ಯಾರೋ ಕೈಯಾಡಿಸಿದ್ದಾರೆ. ಒಮ್ಮೆ ರಾತ್ರಿ ಪಾಳಿಯ ಸಹೋದ್ಯೋಗಿ, ಗ್ರಾಹಕರ ದೊಡ್ಡ ಕಡತಗಳು ಏರುತ್ತಿಲ್ಲವೆಂದು ವೆಬ್ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನ ಅಪ್‌ಲೋಡ್ ಮಿತಿಯನ್ನು ನೇರವಾಗಿ ಸರ್ವರಿನಲ್ಲೇ ಹೆಚ್ಚಿಸಿದ್ದರು (ಮೂಲದಲ್ಲಿ ಅದು 1 ಎಂಬಿ ಮಾತ್ರ). ಗ್ರಾಫ್ ಹೇಳದಿದ್ದರೆ ಮುಂದಿನ ನಿಜವಾದ ಓಟ ಆ ಬದಲಾವಣೆಯನ್ನು ಅಳಿಸಿ, ಅದೇ ದೂರು ಮತ್ತೆ ಬರುತ್ತಿತ್ತು. ನೇರ ಆದೇಶಗಳನ್ನು ಓಡಿಸುವ ಶೆಲ್, ಕಮಾಂಡ್ ಟಾಸ್ಕ್‌ಗಳನ್ನು ಚೆಕ್ ಮೋಡ್ ಸಾಮಾನ್ಯವಾಗಿ ಬಿಟ್ಟುಬಿಡುವುದರಿಂದ ಅಷ್ಟು ಭಾಗ ಕುರುಡೇ. ಅದು ಆನ್ಸಿಬಲ್‌ನ ಸ್ವಭಾವ, ಸೇವೆಯದಲ್ಲ.

ಇನ್ನು ಬಿಲ್. ಇಲ್ಲಿ ನನ್ನ ಸೌಜನ್ಯ ಕಡಿಮೆಯಾಗುತ್ತದೆ. ಇವರು ಮೆಟ್ರಿಕ್ ಎಂದು ಎಣಿಸುವುದು ಹೆಸರುಗಳನ್ನಲ್ಲ, ಹೆಸರು ಮತ್ತು ಟ್ಯಾಗ್‌ಗಳ (ಅಂಕಿಗೆ ಅಂಟಿಸುವ, ಸರ್ವರ್ ಹೆಸರಿನಂಥ ಗುರುತುಚೀಟಿಗಳು) ಪ್ರತಿಯೊಂದು ಜೋಡಣೆಯನ್ನು. 40 ಸರ್ವರ್, ಪ್ರತಿಯೊಂದಕ್ಕೂ ಓಕೆ, ಚೇಂಜ್ಡ್‌ನಂಥ 5 ಅಂಕಿ ಎಂದರೆ 200 ಮೆಟ್ರಿಕ್. ಪ್ಲೇಬುಕ್ ಹೆಸರನ್ನು ಟ್ಯಾಗ್ ಮಾಡಿ, ಹತ್ತು ಪ್ಲೇಬುಕ್‌ಗಳು ಎಲ್ಲದರ ಮೇಲೂ ಓಡಿದರೆ 2000. ಅವರದೇ ಮಾದರಿ ಸಂರಚನೆಯಲ್ಲಿ ಗಿಟ್ ಕಮಿಟ್ ಸಂಖ್ಯೆಯೂ (ದಾಖಲಾದ ಪ್ರತಿ ಬದಲಾವಣೆಯ ಗುರುತು) ಒಂದು ಟ್ಯಾಗ್! ಪ್ರತಿ ಕಮಿಟ್‌ಗೂ ಮತ್ತೊಂದು 2000 ಹುಟ್ಟುತ್ತದೆ. ನನ್ನ ಪ್ರೀತಿಯ ಸೊನ್ನೆಗಳಿಗೂ ಡಾಲರ್‌ನಲ್ಲೇ ದರ. ಕೇಳಿದರೆ ಬೆಂಬಲ ವಿಭಾಗದವರು ಎರಡು ಸಾಲಿನ ಉತ್ತರ ಕೊಟ್ಟರು: ಟ್ಯಾಗ್ ಕಡಿಮೆ ಮಾಡಿ. ಮಾದರಿಯನ್ನು ಮಾತ್ರ ಇನ್ನೂ ತಿದ್ದಿಲ್ಲ.

ಈಗ ಕಮಿಟ್ ಸಂಖ್ಯೆ ಇವೆಂಟ್‌ನ ಪಠ್ಯದೊಳಗೆ ಮಾತ್ರ ಹೋಗುತ್ತದೆ. ಅಂಕಿಗಳನ್ನು ಸಣ್ಣ ಸ್ಕ್ರಿಪ್ಟೊಂದು ಪಠ್ಯ ಕಡತದಲ್ಲಿ ಬರೆಯುತ್ತದೆ. ನೋಡ್ ಎಕ್ಸ್‌ಪೋರ್ಟರ್ ಎಂಬ ಸಾಧನ ಅದನ್ನು ಓದಿ ನಮ್ಮದೇ ಯಂತ್ರದಲ್ಲಿರುವ, ಅಂಕಿಗಳನ್ನು ಸಂಗ್ರಹಿಸುವ ಪ್ರೊಮಿಥಿಯಸ್‌ಗೆ ಒಪ್ಪಿಸುತ್ತದೆ. ಗ್ರಾಫ್ ಅಷ್ಟು ಚೆಂದವಿಲ್ಲ, ಸೊನ್ನೆ ಸೊನ್ನೆಯಾಗಿಯೇ ಕಾಣುತ್ತದೆ. ಇವೆಂಟ್ ಗೆರೆಗಳಿಗಾಗಿ ಸೇವೆಯ ಕೆಳದರ್ಜೆಯ ಯೋಜನೆಯನ್ನು ಉಳಿಸಿಕೊಂಡಿದ್ದೇನೆ.

ಕೊಳ್ಳುವವರು ಮೊದಲ ದಿನವೇ ಒಂದು ಕೆಲಸ ಮಾಡಿ. ವಿಫಲವಾದ ಟಾಸ್ಕ್‌ನ ಇವೆಂಟ್‌ನಲ್ಲಿ ಆ ಟಾಸ್ಕ್‌ನ ಪೂರ್ಣ ಫಲಿತಾಂಶವೂ ಹೋಗುತ್ತದೆ. ಪಾಸ್‌ವರ್ಡ್ ಮುಟ್ಟುವ ಟಾಸ್ಕ್‌ಗಳಿಗೆಲ್ಲ ನೋ-ಲಾಗ್ (ಫಲಿತಾಂಶವನ್ನು ಮರೆಮಾಚುವ) ಸೂಚನೆ ಹಾಕದಿದ್ದರೆ ಆ ಪಾಸ್‌ವರ್ಡ್ ಡ್ಯಾಶ್‌ಬೋರ್ಡ್ ತೆರೆಯಬಲ್ಲ ಎಲ್ಲರಿಗೂ ಕಾಣಬಹುದು. ಐದಾರು ಸರ್ವರ್ ಇರುವವರಿಗೆ ಇದ್ಯಾವುದೂ ಬೇಡ, ಓಟದ ಕೊನೆಯ ಸಾಲುಗಳು ಮೇಲ್‌ಗೆ ಬಂದರೆ ಸಾಕು.