ಮ್ಯಾಕ್‌ಓಎಸ್ ಟಾಹೋ: ಗಾಜು ಚೆಂದ, ಓದುವುದು ಕಷ್ಟ

ಆ್ಯಪಲ್‌ನ ಮ್ಯಾಕ್ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಂ ಆದ ಮ್ಯಾಕ್‌ಓಎಸ್‌ನ ಟಾಹೋ ಆವೃತ್ತಿ ಹಾಕಿಕೊಂಡವರು ಮೊದಲು ಸಿಸ್ಟಂ ಸೆಟ್ಟಿಂಗ್ಸ್ ತೆರೆದು, ಮೆನು ಬಾರ್ ವಿಭಾಗಕ್ಕೆ ಹೋಗಿ ‘ಶೋ ಮೆನು ಬಾರ್ ಬ್ಯಾಕ್‌ಗ್ರೌಂಡ್’ ಆನ್ ಮಾಡಿಕೊಳ್ಳಿ. ಗಡಿಯಾರ, ವೈಫೈ, ಬ್ಯಾಟರಿ, ಫೈಲ್, ಎಡಿಟ್ ಎಲ್ಲವೂ ವಾಲ್‌ಪೇಪರ್ ಮೇಲೆ ತೇಲುವುದು ನಿಂತು, ಮತ್ತೆ ಒಂದು ಪಟ್ಟಿಯೊಳಗೆ ಬಂದು ಕೂರುತ್ತವೆ. ಈ ಸ್ವಿಚ್ ಮೊದಲೇ ಆನ್ ಆಗಿರಬೇಕಿತ್ತು. ಮೋಡ, ಎಲೆ, ಜನಜಂಗುಳಿ ಇರುವ ಚಿತ್ರವನ್ನು ವಾಲ್‌ಪೇಪರ್ ಮಾಡಿಕೊಂಡವರಿಗೆ ಮೆನುವಿನ ಒಂದು ಪದ ಸ್ಪಷ್ಟ ಕಾಣುತ್ತದೆ, ಪಕ್ಕದ ಪದ ಮಸುಕಾಗುತ್ತದೆ.

2025ರ ಜೂನ್‌ನಲ್ಲಿ ಆ್ಯಪಲ್ ತೋರಿಸಿ ಸೆಪ್ಟೆಂಬರ್ 15ಕ್ಕೆ ಬಿಡುಗಡೆ ಮಾಡಿದ ಈ ಆವೃತ್ತಿಯ ಸಂಖ್ಯೆ 15ರಿಂದ ಒಮ್ಮೆಗೇ 26ಕ್ಕೆ ಜಿಗಿದಿದೆ. ಫೋನ್, ವಾಚ್, ಟ್ಯಾಬ್ಲೆಟ್, ಕಂಪ್ಯೂಟರ್ ಎಲ್ಲಕ್ಕೂ ಈಗ ಒಂದೇ ಸಂಖ್ಯೆ, ಒಂದೇ ವೇಷ. ಆ ವೇಷದ ಹೆಸರು ಲಿಕ್ವಿಡ್ ಗ್ಲಾಸ್. ಗುಂಡಿ, ಟೂಲ್‌ಬಾರ್, ಸೈಡ್‌ಬಾರ್, ಡಾಕ್, ಕಂಟ್ರೋಲ್ ಸೆಂಟರ್ ಎಲ್ಲವೂ ಗಾಜಿನ ಬಿಲ್ಲೆಗಳಂತೆ ಕಾಣುತ್ತವೆ, ಹಿಂದಿನ ಬಣ್ಣವನ್ನು ಹೀರಿಕೊಳ್ಳುತ್ತವೆ, ಅಂಚಿನಲ್ಲಿ ಬೆಳಕನ್ನು ಬಾಗಿಸುತ್ತವೆ. ಪೂರ್ಣಪರದೆಯ ವಿಡಿಯೊ ಮೇಲೆ ಕ್ಷಣಕಾಲ ಮೂಡಿ ಮರೆಯಾಗುವ ನಿಯಂತ್ರಣಗಳಿಗೆ ಇದು ನಿಜಕ್ಕೂ ಒಪ್ಪುತ್ತದೆ, ಅಲ್ಲಿ ಚಿತ್ರವೇ ಮುಖ್ಯ. ಆದರೆ ಕಂಪ್ಯೂಟರ್ ಮುಂದೆ ಕೂರುವವರು ದಿನದ ಬಹುಪಾಲು ಓದುತ್ತಿರುತ್ತಾರೆ: ಫೈಲಿನ ಹೆಸರು, ಮೇಲ್ ಪಟ್ಟಿ, ಮೆನು, ಕೋಷ್ಟಕ. ಓದುವ ಅಕ್ಷರದ ಹಿಂದೆ ಬೇರೇನೋ ಚಲಿಸುತ್ತಿರಬಾರದು.

ಯಾಕೆ ಎಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ಅನುಪಾತ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು ಎನ್ನುವುದು ವೆಬ್ ವಿನ್ಯಾಸದವರು ಪಾಲಿಸುವ ಡಬ್ಲ್ಯೂಸಿಎಜಿ ಮಾರ್ಗಸೂಚಿ. 0ರಿಂದ 255ರ ಅಳತೆಯಲ್ಲಿ 118ರ ಬೂದು ಬಣ್ಣದ ಮೇಲೆ ಬಿಳಿ ಅಕ್ಷರ ಇಟ್ಟರೆ ಅನುಪಾತ ಸರಿಯಾಗಿ 4.5ರ ಅಂಚಿಗೆ ಬರುತ್ತದೆ. ಅದೇ ಬೂದು 170ಕ್ಕೆ ತಿಳಿಯಾದರೆ 2.3ಕ್ಕೆ ಇಳಿಯುತ್ತದೆ. ಗಟ್ಟಿ ಹಿನ್ನೆಲೆ ಇದ್ದಾಗ ವಿನ್ಯಾಸಕ ಇದನ್ನು ಒಮ್ಮೆ ಅಳೆದು ನಿಶ್ಚಿಂತೆಯಿಂದ ಇರಬಹುದು. ಗಾಜು ಬಂದ ಮೇಲೆ ಅಳೆಯುವುದಕ್ಕೆ ನಿಂತ ಹಿನ್ನೆಲೆಯೇ ಇಲ್ಲ. ನೀವು ಪುಟ ಸ್ಕ್ರಾಲ್ ಮಾಡಿದಂತೆ ಅನುಪಾತವೂ ಏರಿಳಿಯುತ್ತದೆ. ಸಣ್ಣ ಗುಂಡಿಗಳಲ್ಲಿ ಹಿಂದಿನ ಬೆಳಕು ನೋಡಿ ಅಕ್ಷರವನ್ನು ಕಪ್ಪಿನಿಂದ ಬಿಳಿಗೆ ತಿರುಗಿಸುವ ವ್ಯವಸ್ಥೆ ಇದೆ, ಒಳ್ಳೆಯ ಯೋಚನೆಯೇ. ಆದರೆ ಗುಂಡಿಯ ಹಿಂದೆ ಅರ್ಧ ಬಿಳಿ ಕಾಗದ, ಅರ್ಧ ಕಪ್ಪು ಚಿತ್ರ ಬಂದು ನಿಂತರೆ ಯಾವ ಬಣ್ಣ ಆರಿಸಿದರೂ ಒಂದು ಅರ್ಧ ಮುಳುಗುತ್ತದೆ. ಇನ್ನು ಸೈಡ್‌ಬಾರ್, ಮೆನುಗಳಂಥ ದೊಡ್ಡ ಭಾಗಗಳಲ್ಲಿ ಈ ತಿರುಗಿಸುವಿಕೆ ಇಲ್ಲವೇ ಇಲ್ಲ.

ಕನ್ನಡದ ಫೈಲ್ ಹೆಸರುಗಳನ್ನು ಇಟ್ಟುಕೊಳ್ಳುವವರಿಗೆ ಇದರ ಬಿಸಿ ಇನ್ನೂ ಬೇಗ ತಟ್ಟುತ್ತದೆ. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತವೆ, ಗೆರೆಯೂ ತೆಳು. ‘ಲೆಕ್ಕಪತ್ರ’ ಎಂಬ ಹೆಸರಿನಲ್ಲಿ ಹಿನ್ನೆಲೆ ಕಲಸಿಕೊಂಡಾಗ ಮೊದಲು ಕಳೆದುಹೋಗುವುದು ಕ-ಒತ್ತು ಮತ್ತು ರ-ಒತ್ತು. ‘ಎ’ ಮತ್ತು ‘ಏ’ ನಡುವಿನ ಸಣ್ಣ ಕೊಕ್ಕೆಯೂ ಹಾಗೆಯೇ. ಇಂಗ್ಲಿಷಿಗೆ ಹೇಗೋ ಸಾಲುವ ಅನುಪಾತ ಕನ್ನಡಕ್ಕೆ ಸಾಲುವುದಿಲ್ಲ.

ಪರಿಹಾರ ಇದೆ, ಆದರೆ ಮೂರು ಕಡೆ ಹಂಚಿಹೋಗಿದೆ. 26.1 ಅಥವಾ ನಂತರದ ಆವೃತ್ತಿಗೆ ಅಪ್‌ಡೇಟ್ ಮಾಡಿದರೆ ಅಪಿಯರೆನ್ಸ್ ವಿಭಾಗದಲ್ಲಿ ಲಿಕ್ವಿಡ್ ಗ್ಲಾಸ್‌ಗೆ ‘ಕ್ಲಿಯರ್’, ‘ಟಿಂಟೆಡ್’ ಎಂಬ ಎರಡು ಆಯ್ಕೆ ಸಿಗುತ್ತವೆ. ಟಿಂಟೆಡ್ ಆರಿಸಿ. ಗಾಜು ಸ್ವಲ್ಪ ಮಂದವಾಗುತ್ತದೆ, ನೋಟವೂ ಕೆಡುವುದಿಲ್ಲ. ಸಾಲದಿದ್ದರೆ ಆ್ಯಕ್ಸೆಸಿಬಿಲಿಟಿ, ಅದರೊಳಗೆ ಡಿಸ್‌ಪ್ಲೇ, ಅಲ್ಲಿ ‘ರೆಡ್ಯೂಸ್ ಟ್ರಾನ್ಸ್‌ಪರೆನ್ಸಿ’. ಇದರಿಂದ ಮೆನು, ಸೈಡ್‌ಬಾರ್, ಡಾಕ್ ಗಟ್ಟಿಯಾಗುತ್ತವೆ. ದಿನವಿಡೀ ಬರೆಯುವ, ಲೆಕ್ಕ ಮಾಡುವ ಯಂತ್ರಕ್ಕೆ ನನ್ನ ಶಿಫಾರಸು ಇದೇ. ಅದರ ಪಕ್ಕದ ‘ಇನ್‌ಕ್ರೀಸ್ ಕಾಂಟ್ರಾಸ್ಟ್’ ಆನ್ ಮಾಡಿದರೆ ಪಾರದರ್ಶಕತೆಯೂ ತಾನಾಗಿ ಹೋಗಿ, ಗುಂಡಿಗಳ ಸುತ್ತ ಎದ್ದು ಕಾಣುವ ಗೆರೆ ಮೂಡುತ್ತದೆ. ದೃಷ್ಟಿ ಮಂದವಾದವರಿಗೆ ಅದು ವರ. ಉಳಿದವರಿಗೆ ಗೆರೆಗಳು ಅತಿಯಾದಂತೆ ಅನ್ನಿಸಬಹುದು.

ಇದೇ ಪಾಠ ಹಿಂದೆಯೂ ಎದುರಾಗಿತ್ತು. 2007ರಲ್ಲಿ ಲೆಪರ್ಡ್ ಆವೃತ್ತಿಯ ಮೆನು ಬಾರ್ ಪಾರದರ್ಶಕವಾಗಿ ಬಂದಾಗ ಜನ ಗೊಣಗಿದ್ದರು, 2008ರ ಫೆಬ್ರುವರಿಯಲ್ಲಿ 10.5.2 ಜೊತೆ ಅದನ್ನು ನಿಲ್ಲಿಸುವ ಆಯ್ಕೆ ಬಂತು. ವಿಂಡೋಸ್ ವಿಸ್ಟಾದ ಗಾಜಿನ ಶೀರ್ಷಿಕೆ ಪಟ್ಟಿಯಲ್ಲಿ ಅಕ್ಷರ ಕಾಣಲೆಂದೇ ಅದರ ಹಿಂದೆ ಬಿಳಿ ಮಂಜು ಹಚ್ಚಬೇಕಾಗಿತ್ತು.

ಬಣ್ಣದ ತೊಂದರೆ ಸೆಟ್ಟಿಂಗ್‌ನಿಂದ ಹೋಗುತ್ತದೆ. ಆಕಾರದ್ದು ಹೋಗುವುದಿಲ್ಲ. ವಿಂಡೋಗಳ ಮೂಲೆಗಳು ಈಗ ಬಹಳ ದುಂಡಾಗಿವೆ, ಅದೂ ಎಲ್ಲದರಲ್ಲೂ ಒಂದೇ ಅಳತೆಯಲ್ಲ. ಟೂಲ್‌ಬಾರ್ ಇರುವ ವಿಂಡೋಗೆ ಹೆಚ್ಚು, ಬರೀ ಶೀರ್ಷಿಕೆ ಇರುವುದಕ್ಕೆ ಕಡಿಮೆ. ಎರಡನ್ನು ಒಂದರ ಮೇಲೊಂದು ಇಟ್ಟಾಗ ಹಿಂದಿನದರ ಮೂಲೆ ಇಣುಕುತ್ತದೆ. ಇದು ಕಣ್ಣಿಗೆ ಮಾತ್ರ. ಕೈಗೆ ತೊಡಕಾಗುವುದು ಗಾತ್ರ ಬದಲಿಸುವಾಗ. ಚೌಕ ಮೂಲೆಯ ತುದಿಯಿಂದ ದುಂಡು ಗೆರೆಗೆ ಇರುವ ದೂರ ತ್ರಿಜ್ಯದ ಸುಮಾರು 0.41 ಭಾಗ. ತ್ರಿಜ್ಯ 10 ಪಾಯಿಂಟ್ ಇದ್ದಾಗ ಅದು 4 ಪಾಯಿಂಟ್, ಯಾರ ಗಮನಕ್ಕೂ ಬರುವುದಿಲ್ಲ. ತ್ರಿಜ್ಯ 20 ದಾಟಿದರೆ ಅದು 8ಕ್ಕೂ ಹೆಚ್ಚು. ಮೌಸ್ ಹಿಡಿಯುವ ಜಾಗವನ್ನು ಮಾತ್ರ ಆ ಕಾಣದ ಚೌಕದ ತುದಿಯ ಸುತ್ತಲೇ ಬಿಟ್ಟಿದ್ದಾರೆ. ಹಾಗಾಗಿ ಅದರ ಹೆಚ್ಚಿನ ಭಾಗ ವಿಂಡೋದ ಹೊರಗೆ, ಬಯಲಲ್ಲಿದೆ. ಕಣ್ಣಿಗೆ ಕಾಣುವ ಮೂಲೆಯ ಒಳಗೆ ಹಿಡಿದೆಳೆದರೆ ಬಹಳ ಸಲ ವಿಂಡೋದ ಗಾತ್ರ ಬದಲಾಗುವುದೇ ಇಲ್ಲ. ಬಾಣ ಎರಡು ತಲೆಯದಾಗಿ ಬದಲಾಗುವುದನ್ನು ಕಾದು, ಗೆರೆಯಿಂದ ತುಸು ಹೊರಗೆ ಹಿಡಿಯಿರಿ. ಇಲ್ಲವೇ ಕೀಲಿಮಣೆ ಬಳಸಿ: ಎಫ್‌ಎನ್, ಕಂಟ್ರೋಲ್ ಒತ್ತಿಹಿಡಿದು ಎಡ-ಬಲ ಬಾಣ ಒತ್ತಿದರೆ ವಿಂಡೋ ಅರ್ಧ ಪರದೆಗೆ ಕೂರುತ್ತದೆ, ಎಫ್ ಒತ್ತಿದರೆ ಪೂರ್ತಿ ತುಂಬುತ್ತದೆ.

ಹೊಸದರಲ್ಲಿ ಯಂತ್ರ ತಡವರಿಸಿದ್ದಕ್ಕೂ ಈ ಮೂಲೆಗಳಿಗೂ ನಂಟಿತ್ತು. ಎಲೆಕ್ಟ್ರಾನ್ ಎಂಬ ಚೌಕಟ್ಟಿನಲ್ಲಿ ಕಟ್ಟಿದ ಆ್ಯಪ್‌ಗಳು ವಿಂಡೋ ಮೂಲೆಗೆ ಸಂಬಂಧಿಸಿದ, ಆ್ಯಪಲ್ ಹೊರಗಿನವರಿಗೆಂದು ಕೊಡದ ಒಂದು ಕೋಡನ್ನು ಬದಲಿಸಿಕೊಂಡಿದ್ದವು. ಟಾಹೋದಲ್ಲಿ ಅದರಿಂದಾಗಿ ವಿಂಡೋದ ನೆರಳು ಬಿಡಿಸುವ ಕೆಲಸ ವಿಪರೀತವಾಗಿ ಜಿಪಿಯು, ಅಂದರೆ ಚಿತ್ರ ಬಿಡಿಸುವ ಚಿಪ್ ಮೇಲೆ ಹೊರೆ ಬೀಳುತ್ತಿತ್ತು. ಎಲೆಕ್ಟ್ರಾನ್ ತಂಡ ಅದನ್ನು ಸರಿಪಡಿಸಿದೆ, ಆದರೆ ಪ್ರತಿ ಆ್ಯಪ್ ತನ್ನೊಳಗೆ ಎಲೆಕ್ಟ್ರಾನ್‌ನ ಸ್ವಂತ ಪ್ರತಿಯನ್ನು ಹೊತ್ತಿರುತ್ತದೆ. ಹಾಗಾಗಿ ಆ್ಯಪ್‌ಗಳನ್ನು ಒಂದೊಂದಾಗಿ ಅಪ್‌ಡೇಟ್ ಮಾಡಲೇಬೇಕು. ಆ್ಯಕ್ಟಿವಿಟಿ ಮಾನಿಟರ್ ಆ್ಯಪ್‌ನಲ್ಲಿ ವಿಂಡೋಸರ್ವರ್ (ಪರದೆ ಮೇಲೆ ವಿಂಡೋಗಳನ್ನು ಬಿಡಿಸುವ ಪ್ರೋಗ್ರಾಂ) ಸಾಲಿನ ಜಿಪಿಯು ಅಂಕಿ ನೋಡುತ್ತ, ಒಂದೊಂದೇ ಆ್ಯಪ್ ಮುಚ್ಚಿ. ಯಾವುದನ್ನು ಮುಚ್ಚಿದಾಗ ಅಂಕಿ ಧಡಕ್ಕನೆ ಇಳಿಯುತ್ತದೋ ಅದೇ ಹಳೆಯದಿರಬಹುದು.

ಮೆನುಗಳಲ್ಲಿ ಈಗ ಹೆಚ್ಚುಕಡಿಮೆ ಪ್ರತಿ ಸಾಲಿಗೂ ಪುಟ್ಟ ಚಿತ್ರ ಅಂಟಿಸಿದ್ದಾರೆ. ಚಿತ್ರ ಇರುವುದು ಒಂದನ್ನು ಉಳಿದವುಗಳಿಂದ ಬೇರೆ ಮಾಡಿ ತೋರಿಸಲು. ಎಲ್ಲಕ್ಕೂ ಹಚ್ಚಿದರೆ ಆ ಉದ್ದೇಶವೇ ಸೋಲುತ್ತದೆ, ಎಡ ಅಂಚು ಗಿಜಿಗುಡುತ್ತದೆ. ಆ್ಯಪ್ ಐಕಾನ್‌ಗಳೂ ಒಂದೇ ದುಂಡು ಚೌಕಕ್ಕೆ ಒಗ್ಗಬೇಕು. ಒಗ್ಗದ ಹಳೆಯ ಐಕಾನನ್ನು ಕುಗ್ಗಿಸಿ ಬೂದು ಪೆಟ್ಟಿಗೆಯೊಳಗೆ ಕೂರಿಸುತ್ತದೆ. ಐಕಾನ್ ಶೈಲಿಯಲ್ಲಿ ‘ಕ್ಲಿಯರ್’ ಆರಿಸಿದರೆ ಬಣ್ಣವೂ ಹೋಗಿ ಡಾಕ್ ತುಂಬ ಒಂದೇ ಥರದ ಬಿಲ್ಲೆಗಳು. ಅದನ್ನು ಮುಟ್ಟಬೇಡಿ.

ಮೆಚ್ಚಿಕೊಳ್ಳಬೇಕಾದದ್ದು ಮ್ಯಾಕ್‌ನ ಹುಡುಕುಪಟ್ಟಿ ಸ್ಪಾಟ್‌ಲೈಟ್. ಕಮಾಂಡ್-ಸ್ಪೇಸ್ ಒತ್ತಿ, ನಂತರ ಕಮಾಂಡ್-4 ಒತ್ತಿದರೆ ಹಿಂದೆ ಕಾಪಿ ಮಾಡಿದ್ದರ ಪಟ್ಟಿ ಬರುತ್ತದೆ. ಇಷ್ಟು ವರ್ಷ ಇದಕ್ಕೆ ಬೇರೆ ಆ್ಯಪ್ ಬೇಕಾಗಿತ್ತು. ಮೊದಲ ಸಲ ಅನುಮತಿ ಕೇಳುತ್ತದೆ. ಹಲವರು ಬಳಸುವ ಯಂತ್ರದಲ್ಲಿ ಒಪ್ಪಬೇಡಿ, ಕಾಪಿ ಮಾಡಿದ ಖಾಸಗಿ ವಿಷಯವೂ ಆ ಪಟ್ಟಿಯಲ್ಲಿ ಉಳಿದೀತು. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಬಣ್ಣ, ಚಿಹ್ನೆ ಹಾಕಿಕೊಳ್ಳುವುದೂ ಉಪಯುಕ್ತ. ಎಲ್ಲ ಆ್ಯಪ್‌ಗಳನ್ನು ಪರದೆ ತುಂಬ ತೋರಿಸುತ್ತಿದ್ದ ಲಾಂಚ್‌ಪ್ಯಾಡ್ ಮಾತ್ರ ಹೋಯಿತು. ಕೈಯಾರೆ ಜೋಡಿಸಿದ್ದ ಕ್ರಮ, ಗುಂಪುಗಳು ಅದರ ಜೊತೆಗೇ ಹೋದವು. ಬದಲಿಗೆ ಬಂದ ಆ್ಯಪ್ಸ್ ಪಟ್ಟಿ ತನಗೆ ತಿಳಿದಂತೆ ವಿಂಗಡಿಸುತ್ತದೆ.

ಆ್ಯಪಲ್‌ನದೇ ಚಿಪ್ ಇರುವ ಮ್ಯಾಕ್‌ನಲ್ಲಿ ಸಿಕೋಯ, ಅಂದರೆ 15ನೇ ಆವೃತ್ತಿ ಇನ್ನೂ ಇದ್ದರೆ ಅವಸರ ಬೇಡ. ಇಂಟೆಲ್ ಚಿಪ್‌ನವುಗಳಲ್ಲಿ ಟಾಹೋ ಓಡುವುದು ನಾಲ್ಕು ಮಾದರಿಗಳಲ್ಲಿ ಮಾತ್ರ, ಅವಕ್ಕೆ ಇದೇ ಕೊನೆಯ ಆವೃತ್ತಿ. ಹಾಕುವ ಮುನ್ನ ಮ್ಯಾಕ್‌ನದೇ ಬ್ಯಾಕಪ್ ಸಾಧನವಾದ ಟೈಮ್ ಮೆಷಿನ್‌ನಿಂದ ಪೂರ್ತಿ ಬ್ಯಾಕಪ್ ತೆಗೆದು ಆ ಡಿಸ್ಕನ್ನು ಕಳಚಿ ಬೇರೆ ಇಡಿ. ಹಿಂದಕ್ಕೆ ಹೋಗಬೇಕೆಂದರೆ ಯಂತ್ರವನ್ನು ಪೂರ್ತಿ ಅಳಿಸಿ ಸಿಕೋಯ ಹೊಸದಾಗಿ ಹಾಕಬೇಕು. ಆಗ ಕೈಗೆ ಬರುವುದು ಅಪ್‌ಗ್ರೇಡ್‌ಗೆ ಮುಂಚೆ ತೆಗೆದ ಆ ಬ್ಯಾಕಪ್.